ಚರ್ಮ ಗಟ್ಟಿಯಾಗುವ ಕಾಯಿಲೆ ಮತ್ತು ವಾತರೋಗಗಳು: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬದಿಯಡ್ಕ ಕಡೆಯವಳು. ವಾತರೋಗಗಳ ವೈದ್ಯೆ. ಸಿಸ್ಟಮಿಕ್ ಸ್ಕ್ಲೀರೋಸಿಸ್ ಎಂಬ ಕಾಯಿಲೆಯ ಮೇಲೆ ಸಂಶೋಧನೆ ಮಾಡುತ್ತೇನೆ. ಊರಿಗೆ ಬಂದಾಗ, ಮದುವೆ ಮನೆಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಅವರ ಮಾತಿನಲ್ಲೇ ಬರೆದುಕೊಂಡಿದ್ದೇನೆ. ಇದನ್ನು ಓದಿ ಮದ್ದು ನಿಲ್ಲಿಸುವುದು, ಬದಲಿಸುವುದು ಬೇಡ. ನಿಮ್ಮ ಡಾಕ್ಟರ ಹತ್ತಿರ ಏನು ಕೇಳಬೇಕು ಎಂದು ಗೊತ್ತಾದರೆ ಸಾಕು.

## ಮೊದಲ ಪ್ರಶ್ನೆಗಳು

ಡಾಕ್ಟ್ರೇ, ಈ ಸ್ಕ್ಲೀರೋಡರ್ಮಾ ಅಂದ್ರೆ ಎಂತ? ಬರೀ ಚರ್ಮದ ರೋಗವಾ?

ಕೆಲವರಿಗೆ ಬರೀ ಚರ್ಮದ್ದೇ. ಮೈಮೇಲೆ ಒಂದೆರಡು ಕಡೆ ಚರ್ಮ ಗಟ್ಟಿಯಾಗಿ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆ ಮಾರ್ಫಿಯಾ ಎನ್ನುತ್ತಾರೆ. ಒಳಗಿನ ಅಂಗಗಳನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಇನ್ನೊಂದು ಸಿಸ್ಟಮಿಕ್ ಸ್ಕ್ಲೀರೋಸಿಸ್. ಇದರಲ್ಲಿ ಮೂರು ಕೆಲಸ ಒಟ್ಟಿಗೆ ಕೆಡುತ್ತವೆ. ಸಣ್ಣ ರಕ್ತನಾಳಗಳಿಗೆ ಪೆಟ್ಟಾಗುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೆಯೇ ತಿರುಗಿ ಬೀಳುತ್ತದೆ. ಗಾಯ ಮಾಗಿಸುವ ಜೀವಕೋಶಗಳು ಗಾಯವೇ ಇಲ್ಲದ ಕಡೆ ಕೊಲಾಜನ್ ಎಂಬ ನಾರಿನಂಥ ಪ್ರೋಟೀನನ್ನು ತಯಾರಿಸುತ್ತಲೇ ಹೋಗುತ್ತವೆ. ಆ ನಾರು ಚರ್ಮದಲ್ಲಿ ತುಂಬಿದರೆ ಕೈ ಬಿಗಿಯುತ್ತದೆ. ಅನ್ನನಾಳದಲ್ಲಾದರೆ ಎದೆಯುರಿ. ಶ್ವಾಸಕೋಶದಲ್ಲಾದರೆ ದಮ್ಮು. ಗಂಡಸರಿಗಿಂತ ಹೆಂಗಸರಿಗೆ ಹಲವು ಪಟ್ಟು ಜಾಸ್ತಿ. 30ರಿಂದ 50ರ ಪ್ರಾಯದಲ್ಲಿ ಶುರುವಾಗುವುದು ಹೆಚ್ಚು. ನರಗಳಿಗೆ ಬರುವ ಮಲ್ಟಿಪಲ್ ಸ್ಕ್ಲೀರೋಸಿಸ್‌ಗೂ ಇದಕ್ಕೂ ಸಂಬಂಧವಿಲ್ಲ. ಮೊಬೈಲಿನಲ್ಲಿ ಹುಡುಕುವಾಗ ಎರಡೂ ಬೆರೆತು ಬರುತ್ತವೆ, ಜಾಗ್ರತೆ.

ವಾತ ಅಂದ್ರೆ ಎಲ್ಲ ಒಂದೇ ಅಲ್ವಾ? ಗಂಟುನೋವಿಗೆ ಇಷ್ಟು ಹೆಸರು ಎಂತಕ್ಕೆ?

ಮದ್ದು ಬೇರೆ ಬೇರೆ, ಅದಕ್ಕೆ. ಪ್ರಾಯವಾದವರ ಮೊಣಕಾಲು ನೋವು ಹೆಚ್ಚಾಗಿ ಸವೆತದಿಂದ. ನಡೆದಷ್ಟೂ ನೋವು, ಕೂತರೆ ಹಾಯೆನಿಸುತ್ತದೆ. ರುಮಟಾಯ್ಡ್ ಸಂಧಿವಾತ ಅದರ ತಿರುವುಮುರುವು. ಬೆಳಿಗ್ಗೆ ಎದ್ದಾಗ ಕೈಬೆರಳು ಮಡಚಲು ಬರುವುದಿಲ್ಲ, ಒಂದು ಗಂಟೆ ಕೆಲಸ ಮಾಡಿದ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ಇದ್ದಕ್ಕಿದ್ದಂತೆ ಕಾಲಿನ ಹೆಬ್ಬೆರಳು ಕೆಂಪಾಗಿ ಮುಟ್ಟಲೂ ಆಗದಷ್ಟು ನೋವಾದರೆ ಗೌಟ್. ಚಿಕೂನ್‌ಗುನ್ಯಾ ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಗಂಟು ಹಿಡಿದೇ ಇರುತ್ತದೆ. ಇದು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಮಕ್ಕಳಲ್ಲಿ ಗಂಟಲು ನೋವಿನ ನಂತರ ಬರುವ ರುಮ್ಯಾಟಿಕ್ ಜ್ವರ ಬೇರೆಯೇ. ಅದು ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಶುರುವಾಗಿ ಹೃದಯದ ಕವಾಟಗಳನ್ನು ಕೆಡಿಸಬಹುದು. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬರೆದಿದ್ದರೆ ಒಂದನ್ನೂ ತಪ್ಪಿಸಬೇಡಿ.

ತಣ್ಣೀರು ಮುಟ್ಟಿದ್ರೆ ಅಮ್ಮನ ಬೆರಳು ಬೆಳ್ಳಗಾಗಿ ನೀಲಿ ಆಗ್ತದೆ. ನಮ್ಮೂರಲ್ಲಿ ಚಳಿಯೇ ಇಲ್ಲ, ಮತ್ತೆ ಎಂತಕ್ಕೆ?

ಬೆರಳಿನ ಸಣ್ಣ ರಕ್ತನಾಳಗಳು ತಣ್ಣಗಾದ ಕೂಡಲೇ ವಿಪರೀತ ಮುದುಡಿಕೊಳ್ಳುತ್ತವೆ. ಮೊದಲು ಬಿಳಿ, ಆಮೇಲೆ ನೀಲಿ, ರಕ್ತ ವಾಪಸ್ ಬರುವಾಗ ಕೆಂಪು. ಪ್ಯಾರಿಸ್‌ನ ಮಾರಿಸ್ ರೇನೋ ಎಂಬ ವೈದ್ಯ 1862ರಲ್ಲಿ ತನ್ನ ಪ್ರಬಂಧದಲ್ಲಿ ಇದನ್ನು ವಿವರಿಸಿದ. ಅವನ ಹೆಸರೇ ಇದಕ್ಕೆ ಉಳಿಯಿತು.

ಇದಕ್ಕೆ ಹಿಮ ಬೀಳುವ ಚಳಿ ಬೇಕಾಗಿಲ್ಲ. ಆಟಿಯ ಮಳೆಯಲ್ಲಿ ಬಾವಿ ನೀರಲ್ಲಿ ಪಾತ್ರೆ ತೊಳೆದರೆ ಸಾಕು. ಫ್ರಿಜ್ಜಿನಿಂದ ಮೀನು ತೆಗೆಯುವಾಗ, ಎಸಿ ಬಸ್ಸಿನಲ್ಲಿ ಕೂತಾಗ, ಬೆಳಿಗ್ಗೆ ಬೈಕಿನಲ್ಲಿ ಹೋಗುವಾಗ ಬರುತ್ತದೆ. ಗಾಬರಿ, ಸಿಟ್ಟಿಗೂ ಬರಬಹುದು. ನಮ್ಮ ಕಪ್ಪು ಮೈಬಣ್ಣದಲ್ಲಿ ಬಣ್ಣ ಬದಲಾಗುವುದು ಸರಿಯಾಗಿ ಕಾಣುವುದಿಲ್ಲ. ಉಗುರಿನ ಕೆಳಗೆ, ಅಂಗೈ ಕಡೆಗೆ ನೋಡಿ. ಆ ಹೊತ್ತಿನಲ್ಲಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಡಾಕ್ಟರಿಗೆ ದೊಡ್ಡ ಉಪಕಾರ.

ರೇನೋ ಇರುವ ಬಹಳಷ್ಟು ಜನರಿಗೆ ಬೇರೆ ಯಾವ ಕಾಯಿಲೆಯೂ ಇರುವುದಿಲ್ಲ. ಚಿಕ್ಕ ಪ್ರಾಯದಲ್ಲಿ ಶುರುವಾಗಿ ಹಾಗೇ ಇರುತ್ತದೆ, ಅಷ್ಟೇ. ಆದರೆ 30 ದಾಟಿದ ಮೇಲೆ ಹೊಸದಾಗಿ ಬಂದರೆ, ಬೆರಳು ಊದಿಕೊಂಡು ಉಂಗುರ ಬಿಗಿಯಾದರೆ, ಬೆರಳ ತುದಿಯಲ್ಲಿ ಹುಣ್ಣಾಗಿ ಕುಳಿ ಬಿದ್ದರೆ, ಜೊತೆಗೆ ಎದೆಯುರಿ ಇದ್ದರೆ ಕಾಯಬೇಡಿ, ತೋರಿಸಿ. ಸಿಸ್ಟಮಿಕ್ ಸ್ಕ್ಲೀರೋಸಿಸ್ ಇರುವ ಹೆಚ್ಚಿನವರಲ್ಲಿ ಮೊದಲು ಕಾಣುವುದು ರೇನೋ. ಚರ್ಮ ಗಟ್ಟಿಯಾಗುವುದಕ್ಕೆ ವರ್ಷಗಳ ಮೊದಲೇ ಕೆಲವರಿಗೆ ಇದು ಬಂದಿರುತ್ತದೆ. ಹಾಗಾಗಿ ನಮಗೆ ಇಷ್ಟು ಬೇಗ ಸಿಗುವ ಸುಳಿವು ಬೇರೆ ಇಲ್ಲ.

ಇದು ಅಂಟ್ತದಾ? ಕುಷ್ಠವಾ, ತೊನ್ನಾ ಅಂತ ಜನ ಕೇಳ್ತಾರೆ

ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಮಗುವನ್ನು ಎತ್ತಿಕೊಂಡರೂ ಏನೂ ಆಗುವುದಿಲ್ಲ.

ಜನರಿಗೆ ಅನುಮಾನ ಬರಲು ಕಾರಣವಿದೆ. ಚರ್ಮದ ಬಣ್ಣ ಹೋಗಿ, ರೋಮದ ಬುಡದಲ್ಲಿ ಮಾತ್ರ ಕಪ್ಪು ಚುಕ್ಕಿ ಉಳಿದು, ಕಪ್ಪು ಬಿಳುಪು ಬೆರೆತಂತೆ ಕಾಣುತ್ತದೆ. ಕುತ್ತಿಗೆ, ಎದೆ, ಕಿವಿಯ ಹತ್ತಿರ ಇದು ಜಾಸ್ತಿ. ತೊನ್ನಿನಲ್ಲಿ ಬಿಳುಪು ಸಪಾಟಾಗಿರುತ್ತದೆ, ಚರ್ಮ ಮೆತ್ತಗೆ ಇರುತ್ತದೆ. ಇಲ್ಲಿ ಚರ್ಮ ಬಿಗಿ. ಕುಷ್ಠದಲ್ಲಿ ಮಚ್ಚೆಯ ಜಾಗಕ್ಕೆ ಸ್ಪರ್ಶ ಗೊತ್ತಾಗುವುದಿಲ್ಲ. ಇಲ್ಲಿ ಬೆರಳ ತುದಿ ಸವೆದು ಗಿಡ್ಡವಾದರೂ ನೋವು ಚೆನ್ನಾಗಿಯೇ ಗೊತ್ತಾಗುತ್ತದೆ. ಈ ಕಾಯಿಲೆಯವರನ್ನು ಮದುವೆ ಚಪ್ಪರದಲ್ಲಿ ದೂರ ಕೂರಿಸುವುದು ಅನ್ಯಾಯ. ಕುಷ್ಠದವರನ್ನು ದೂರ ಮಾಡುವುದೂ ಅನ್ಯಾಯವೇ. ಅದಕ್ಕೆ ಪೂರ್ತಿ ಗುಣಪಡಿಸುವ ಮದ್ದು ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ.

ನನ್ನಿಂದ ಮಕ್ಕಳಿಗೆ ಬರ್ತದಾ?

ಬರುವ ಸಂಭವ ತುಂಬಾ ಕಡಿಮೆ. ರಕ್ತಸಂಬಂಧಿಗಳಿಗೆ ಬೇರೆಯವರಿಗಿಂತ ಸಾಧ್ಯತೆ ಹಲವು ಪಟ್ಟು ಹೆಚ್ಚು ನಿಜ. ಆದರೂ ನೂರರಲ್ಲಿ 98 ಕುಟುಂಬಗಳಲ್ಲಿ ಎರಡನೆಯವರಿಗೆ ಬರುವುದಿಲ್ಲ. ಮಕ್ಕಳಿಗೆ ಸುಮ್ನೆ ರಕ್ತ ಪರೀಕ್ಷೆ ಮಾಡಿಸಬೇಡಿ.

ಇದೆಲ್ಲ ಎಂಡೋಸಲ್ಫಾನ್‌ನಿಂದಲೇ ಅಲ್ವಾ?

ಎಣ್ಮಕಜೆ, ಪೆರ್ಲ, ಸ್ವರ್ಗ ಎಂಬ ಊರುಗಳ ಕಡೆಯವರು ಈ ಪ್ರಶ್ನೆ ಕೇಳದೇ ಇರುವುದಿಲ್ಲ. ಕೇಳಲೇಬೇಕು. ಗೇರು ತೋಟಗಳ ಮೇಲೆ 2000ದವರೆಗೆ ಈ ಕೀಟನಾಶಕವನ್ನು ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದ್ದನ್ನು, ಅದರಿಂದಾದ ಸಂಕಟವನ್ನು ಕಂಡ ಊರು ನಮ್ಮದು. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ದೇಶದಲ್ಲೇ ತಡೆಯಿತು.

ಆದರೆ ಈ ಕಾಯಿಲೆಗೆ ಸಂಬಂಧ ಗಟ್ಟಿಯಾಗಿ ಕಂಡುಬಂದಿರುವ ವಸ್ತುಗಳ ಪಟ್ಟಿಯಲ್ಲಿ ಎಂಡೋಸಲ್ಫಾನ್ ಇಲ್ಲ. ಆ ಪಟ್ಟಿಯಲ್ಲಿ ಮೊದಲು ಬರುವುದು ಸಿಲಿಕಾ ಧೂಳು. ಸ್ಕಾಟ್ಲೆಂಡಿನ ಬ್ರಾಮ್‌ವೆಲ್ ಎಂಬ ವೈದ್ಯರು 1914ರಲ್ಲೇ ಕಲ್ಲುಕುಟಿಗರಲ್ಲಿ ಇದನ್ನು ಗಮನಿಸಿದ್ದರು. 1957ರಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರಲ್ಲೂ ಅದೇ ಕಂಡಿತು. ಪೇಂಟು, ಗ್ರೀಸು ತೆಗೆಯುವ ಕೆಲವು ದ್ರಾವಕಗಳು, ಪ್ಲಾಸ್ಟಿಕ್ ಕಾರ್ಖಾನೆಯ ವಿನೈಲ್ ಕ್ಲೋರೈಡ್ ಕೂಡ ಆ ಪಟ್ಟಿಯಲ್ಲಿವೆ.

ನನ್ನ ಆತಂಕ ನಮ್ಮ ಕ್ರಷರ್‌ಗಳು, ಗ್ರಾನೈಟ್ ಪಾಲಿಶ್ ಮಾಡುವವರು, ಟೈಲ್ಸ್ ಕತ್ತರಿಸುವ ಹುಡುಗರ ಬಗ್ಗೆ. ಒಣಕಲು ಕಲ್ಲನ್ನು ಯಂತ್ರದಲ್ಲಿ ಕೊಯ್ಯುವಾಗ ಏಳುವ ಸಣ್ಣ ಧೂಳು ಬಾಯಿಗೆ ಕಟ್ಟಿದ ಬೈರಾಸಿನಲ್ಲಿ ನಿಲ್ಲುವುದಿಲ್ಲ. ನೀರು ಬಿಟ್ಟುಕೊಂಡು ಕೊಯ್ಯಬೇಕು. ಎನ್95 ಮಾಸ್ಕ್ ಬೇಕು. ಈ ಕಾಯಿಲೆ ಬಂದಿರುವ ಗಂಡಸರನ್ನು ನಾನು ಮೊದಲು ಕೇಳುವುದೇ "ಏನು ಕೆಲಸ ಮಾಡುತ್ತಿದ್ದಿರಿ" ಎಂದು.

ಬಾಯಿ ಪೂರ್ತಿ ತೆರೆಯಲಿಕ್ಕೆ ಆಗುವುದಿಲ್ಲ. ಎಲೆಅಡಿಕೆಯಿಂದಲಾ, ಈ ಕಾಯಿಲೆಯಾ?

ಅಡಿಕೆ ಬೆಳೆಯುವ ಊರಿನಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಗೆ ಬಿಳಿಚಿಕೊಂಡು ಪಟ್ಟಿ ಕಟ್ಟುತ್ತದೆ, ಖಾರ ತಿಂದರೆ ಉರಿ, ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಮುಂದೆ ಬಾಯಿ ಕ್ಯಾನ್ಸರಿಗೆ ತಿರುಗಬಹುದು. ಅಡಿಕೆ ಬಿಡಬೇಕು, ದಂತ ವೈದ್ಯರಿಗೆ ತೋರಿಸಬೇಕು.

ಸ್ಕ್ಲೀರೋಡರ್ಮಾದಲ್ಲಿ ಕೆನ್ನೆಯ ಒಳಗೆ ಉರಿ ಇರುವುದಿಲ್ಲ. ಹೊರಗೆ ಬದಲಾವಣೆ. ತುಟಿ ತೆಳ್ಳಗಾಗುತ್ತದೆ, ಬಾಯಿ ಸುತ್ತ ನೆರಿಗೆ ಮೂಡುತ್ತದೆ, ಮೂಗು ಚೂಪಾಗುತ್ತದೆ. ಕೈಬೆರಳೂ ಬಿಗಿದಿರುತ್ತದೆ. ದಿನಾ ಎರಡು ಹೊತ್ತು ಬಾಯಿ ಅಗಲಿಸುವ ವ್ಯಾಯಾಮ ಮಾಡಿ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ.

## ಪರೀಕ್ಷೆಗಳು

ಎಎನ್‌ಎ ಪಾಸಿಟಿವ್ ಬಂತು. ಕಾಯಿಲೆ ಉಂಟು ಅಂತಲೇ ಅರ್ಥವಾ?

ಅಲ್ಲ. ದೇಹ ತನ್ನದೇ ಜೀವಕೋಶಗಳ ವಿರುದ್ಧ ತಯಾರಿಸುವ ಪ್ರತಿಕಾಯಗಳನ್ನು ಹುಡುಕುವ ರಕ್ತ ಪರೀಕ್ಷೆ ಅದು. ಆರೋಗ್ಯವಾಗಿರುವ ಎಷ್ಟೋ ಜನರಲ್ಲಿ ಎಎನ್‌ಎ ಕಡಿಮೆ ಮಟ್ಟದಲ್ಲಿ ಪಾಸಿಟಿವ್ ಇರುತ್ತದೆ. ಲೂಪಸ್ ಎಂಬ ವಾತರೋಗದಲ್ಲೂ ಬರುತ್ತದೆ, ಥೈರಾಯ್ಡ್ ತೊಂದರೆಯಲ್ಲೂ ಬರುತ್ತದೆ. ಸಿಸ್ಟಮಿಕ್ ಸ್ಕ್ಲೀರೋಸಿಸ್ ಇರುವ ನೂರರಲ್ಲಿ 90ಕ್ಕಿಂತ ಹೆಚ್ಚು ಜನರಲ್ಲಿ ಇದು ಪಾಸಿಟಿವ್ ನಿಜ. ಆದರೆ ಪಾಸಿಟಿವ್ ಬಂದವರಿಗೆಲ್ಲ ಆ ಕಾಯಿಲೆ ಎಂದಾಗುವುದಿಲ್ಲ.

ಯಾವ ಪ್ರತಿಕಾಯ ಎಂದು ನೋಡುವ ಮುಂದಿನ ಪರೀಕ್ಷೆ ಮುಖ್ಯ. ಆಂಟಿ-ಸೆಂಟ್ರೋಮಿಯರ್ ಇದ್ದರೆ ಚರ್ಮದ ಬಿಗಿ ಹೆಚ್ಚಾಗಿ ಕೈ, ಮುಖಕ್ಕೆ ನಿಲ್ಲುತ್ತದೆ. ಹಲವು ವರ್ಷ ಕಳೆದ ಮೇಲೆ ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರುವ ಭಯ ಇರುತ್ತದೆ. ಎಸ್‌ಸಿಎಲ್-70 ಇದ್ದರೆ ಶ್ವಾಸಕೋಶದಲ್ಲಿ ನಾರು ಕಟ್ಟುವುದನ್ನು ನೋಡಿಕೊಳ್ಳಬೇಕು. ಆರ್‌ಎನ್‌ಎ ಪಾಲಿಮರೇಸ್-3 ಇದ್ದರೆ ಕಿಡ್ನಿ. ಅಂದರೆ ರಿಪೋರ್ಟಿನ ಈ ಒಂದು ಸಾಲು ನಾವು ಯಾವ ಕಡೆ ಕಾವಲು ಕೂರಬೇಕು ಎಂದು ಹೇಳುತ್ತದೆ. ಆ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಳ್ಳಿ.

ಉಗುರಿನ ಬುಡವನ್ನು ಎಂತದೋ ಕನ್ನಡಿಯಲ್ಲಿ ನೋಡಿದ್ರು. ಅಲ್ಲಿ ಎಂತ ಕಾಣ್ತದೆ?

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ಸೂಜಿ ಇಲ್ಲ, ನೋವಿಲ್ಲ. ಉಗುರು ಚರ್ಮವನ್ನು ಸೇರುವ ಜಾಗಕ್ಕೆ ಒಂದು ತೊಟ್ಟು ಎಣ್ಣೆ ಹಾಕಿ, ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡುತ್ತೇವೆ. ಮೈಯಲ್ಲಿ ರಕ್ತನಾಳಗಳ ಕುಣಿಕೆಗಳು ಉದ್ದಕ್ಕೆ ಮಲಗಿದಂತೆ ಕಾಣುವ ಜಾಗ ಅದು. ಆರೋಗ್ಯವಂತರಲ್ಲಿ ಅವು ಸಣ್ಣಗೆ, ಒಂದರ ಪಕ್ಕ ಒಂದು, ಸಾಲು ತಪ್ಪದೆ ಇರುತ್ತವೆ.

ಕಾಯಿಲೆಯ ಆರಂಭದಲ್ಲಿ ಅಲ್ಲೊಂದು ಇಲ್ಲೊಂದು ಕುಣಿಕೆ ದಪ್ಪಗೆ ಉಬ್ಬಿರುತ್ತದೆ. ಆಮೇಲೆ ಉಬ್ಬಿದವು ಹೆಚ್ಚಾಗುತ್ತವೆ. ಒಡೆದು ರಕ್ತ ಸೋರಿದ ಕಂದು ಚುಕ್ಕಿಗಳು ಕಾಣುತ್ತವೆ. ಕೊನೆಗೆ ಸಾಲುಗಳ ನಡುವೆ ಖಾಲಿ ಜಾಗ. ಉಳಿದ ನಾಳಗಳು ಅಡ್ಡಾದಿಡ್ಡಿ ಕವಲೊಡೆದಿರುತ್ತವೆ. ಇಟಲಿಯ ಜಿನೋವಾದ ಮೌರಿಜಿಯೋ ಕುಟೋಲೋ ಅವರ ತಂಡ 2000ದಲ್ಲಿ ಇದನ್ನು ಆರಂಭ, ಸಕ್ರಿಯ, ಕೊನೆಯ ಹಂತ ಎಂದು ಮೂರಾಗಿ ವಿಂಗಡಿಸಿತು. ಬೀಡಿ ಕಟ್ಟುವವರ, ಅಡಿಕೆ ಸುಲಿಯುವವರ ಬೆರಳುಗಳಲ್ಲಿ ಉಗುರಿನ ಬುಡ ತರಚಿರುತ್ತದೆ. ಅಂಥವರಿಗೆ ಉಂಗುರ ಬೆರಳನ್ನು ನೋಡಿದರೆ ಚೆನ್ನಾಗಿ ಕಾಣುತ್ತದೆ. ಪರೀಕ್ಷೆಗೆ ಬರುವ ವಾರ ಮದರಂಗಿ, ನೈಲ್ ಪಾಲಿಶ್ ಹಾಕಬೇಡಿ.

ಚರ್ಮ ಹಿಂಡಿ ಹಿಂಡಿ ನಂಬರ್ ಬರೀತಾರೆ. ಅದು ಎಂತಕ್ಕೆ?

ಅದಕ್ಕೆ ರಾಡ್ನಾನ್ ಸ್ಕೋರ್ ಎಂದು ಹೆಸರು. ಮೈಯ 17 ಜಾಗಗಳಲ್ಲಿ ಚರ್ಮವನ್ನು ಎರಡು ಬೆರಳಿನಲ್ಲಿ ಎತ್ತಿ ನೋಡುತ್ತೇವೆ. ಸುಲಭವಾಗಿ ಮಡಿಕೆ ಬಂದರೆ 0. ಸ್ವಲ್ಪ ದಪ್ಪ ಅನಿಸಿದರೆ 1. ಕಷ್ಟದಲ್ಲಿ ಬಂದರೆ 2. ಮಡಿಕೆಯೇ ಬರದಿದ್ದರೆ 3. ಒಟ್ಟು 51. ಯಂತ್ರವಿಲ್ಲದ, ಬರೀ ಕೈ ಬೇಕಾದ ಪರೀಕ್ಷೆ. ಹಾಗಾಗಿ ಪ್ರತಿ ಸಲ ಅದೇ ಡಾಕ್ಟರ್ ನೋಡಿದರೆ ಒಳ್ಳೆಯದು. ಕೈಯಿಂದ ಕೈಗೆ ಅಂದಾಜು ಬದಲಾಗುತ್ತದೆ.

ಬಿಗಿ ಮೊಣಕೈ, ಮೊಣಕಾಲು ದಾಟಿ ಮೇಲೆ ಹೋಗಿದೆಯೋ ಇಲ್ಲವೋ ಎಂಬುದೂ ಇದರಲ್ಲೇ ಗೊತ್ತಾಗುತ್ತದೆ. ದಾಟದಿದ್ದರೆ ಸೀಮಿತ ವಿಧ, ದಾಟಿದರೆ ವ್ಯಾಪಕ ವಿಧ. ವ್ಯಾಪಕ ವಿಧದವರನ್ನು ಮೊದಲ ಕೆಲವು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು.

ನನಗೆ ಕೆಮ್ಮೂ ಇಲ್ಲ, ದಮ್ಮೂ ಇಲ್ಲ. ಮತ್ತೆ ಶ್ವಾಸಕೋಶದ ಟೆಸ್ಟ್ ಯಾಕೆ?

ದಮ್ಮು ಶುರುವಾಗುವಾಗ ತಡವಾಗಿರುತ್ತದೆ, ಅದಕ್ಕೇ. ಗುಡ್ಡೆ ಹತ್ತುವುದನ್ನು, ಕೆಲಸವನ್ನು ಜನ ತಮಗೆ ಗೊತ್ತಿಲ್ಲದೇ ಕಡಿಮೆ ಮಾಡಿಕೊಂಡಿರುತ್ತಾರೆ. "ಪ್ರಾಯ ಆಯ್ತಲ್ಲ" ಎನ್ನುತ್ತಾರೆ. ಬೆನ್ನಿನ ಕೆಳಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟರೆ ಶಾಲೆಯ ಚೀಲದ ವೆಲ್ಕ್ರೋ ಪಟ್ಟಿ ಬಿಡಿಸುವಂಥ ಸದ್ದು ಕೇಳಿಸುತ್ತದೆ. ಆದರೆ ಆ ಸದ್ದಿಗಿಂತ ಮೊದಲೇ ಸಿಟಿ ಸ್ಕ್ಯಾನಿನಲ್ಲಿ ಕಾಣುತ್ತದೆ.

ರೋಗ ಗೊತ್ತಾದ ಕೂಡಲೇ ಒಂದು ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್), ಊದಿ ಮಾಡುವ ಪಿಎಫ್‌ಟಿ ಪರೀಕ್ಷೆ, ಹೃದಯದ ಎಕೋ ಬೇಕು. ಆಮೇಲೆ ಪಿಎಫ್‌ಟಿ ಮತ್ತು ಎಕೋವನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ಈಗ ಈ ಕಾಯಿಲೆಯಲ್ಲಿ ಸಾವಿಗೆ ಮುಖ್ಯ ಕಾರಣ ಶ್ವಾಸಕೋಶವೇ. ತಲಪಾಡಿ ದಾಟಿ ಮಂಗಳೂರಿಗೆ ಹೋಗಬೇಕಾಗಿ ಬಂದರೆ ಮೂರನ್ನೂ ಒಂದೇ ದಿನಕ್ಕೆ ಹೊಂದಿಸಿಕೊಡಿ ಎಂದು ಮೊದಲೇ ಫೋನ್ ಮಾಡಿ ಕೇಳಿ. ಕೇರಳದ ಚಿಕಿತ್ಸಾ ಕಾರ್ಡ್ ಅಲ್ಲಿ ನಡೆಯುತ್ತದಾ ಎಂದೂ ಅದೇ ಫೋನಿನಲ್ಲಿ ಕೇಳಿಬಿಡಿ.

## ಮದ್ದು ಮತ್ತು ಮನೆ

ಒಂದು ಇಂಜೆಕ್ಷನ್ ಹಾಕಿದ್ರೆ ನೋವು ಪೂರ್ತಿ ಹೋಗ್ತದೆ. ನೀವು ಮಾತ್ರ ಸ್ಟೀರಾಯ್ಡ್ ಬೇಡ ಅಂತೀರಿ, ಯಾಕೆ?

ಬೇರೆ ವಾತರೋಗಗಳಲ್ಲಿ ಸ್ಟೀರಾಯ್ಡ್ ಜೀವ ಉಳಿಸುತ್ತದೆ. ನಾನೇ ಬರೆಯುತ್ತೇನೆ. ಈ ಒಂದು ಕಾಯಿಲೆಯಲ್ಲಿ, ಅದೂ ವ್ಯಾಪಕ ವಿಧದ ಮೊದಲ ವರ್ಷಗಳಲ್ಲಿ, ದಿನಕ್ಕೆ 15 ಮಿಲಿಗ್ರಾಂಗಿಂತ ಹೆಚ್ಚು ಪ್ರೆಡ್ನಿಸೋಲೋನ್ ತಿಂದರೆ ಕಿಡ್ನಿಗೆ ದೊಡ್ಡ ಅಪಾಯ. ಇದ್ದಕ್ಕಿದ್ದಂತೆ ಬಿಪಿ ಏರುತ್ತದೆ, ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ, ಕೆಲವೇ ದಿನಗಳಲ್ಲಿ ಕಿಡ್ನಿ ನಿಲ್ಲುತ್ತದೆ.

ಒಂದು ಕಾಲದಲ್ಲಿ ಇದು ಬಂದರೆ ಬದುಕುವುದೇ ಅಪರೂಪವಾಗಿತ್ತು. ಕ್ಯಾಪ್ಟೊಪ್ರಿಲ್ ಎಂಬ ಬಿಪಿ ಮಾತ್ರೆ ಬಂದ ಮೇಲೆ ಕಥೆ ಬದಲಾಯಿತು. ಬ್ರೆಜಿಲಿನ ಒಂದು ಹಾವಿನ ವಿಷದ ಅಧ್ಯಯನದಿಂದ ಹುಟ್ಟಿದ ಮದ್ದು ಅದು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ವರ್ಜೀನಿಯಾ ಸ್ಟೀನ್ ಮತ್ತು ಜೊತೆಗಾರರು ತಮ್ಮ ರೋಗಿಗಳ ದಾಖಲೆಗಳನ್ನು ಕೂಡಿಸಿ 1990ರಲ್ಲಿ ಪ್ರಕಟಿಸಿದರು. ಈ ಗುಂಪಿನ ಮದ್ದು ಸಿಗದವರಲ್ಲಿ ಒಂದು ವರ್ಷ ಬದುಕಿದ್ದವರು ನೂರಕ್ಕೆ 15. ಸಿಕ್ಕವರಲ್ಲಿ 76. ಈ ಎರಡು ಅಂಕಿಗಳನ್ನು ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಹೊಸ ಯಂತ್ರ ಏನೂ ಇರಲಿಲ್ಲ. ರೋಗಿಗಳ ಕಡತಗಳನ್ನು ವರ್ಷಗಟ್ಟಲೆ ತಾಳ್ಮೆಯಿಂದ ಇಟ್ಟುಕೊಂಡು ಬಂದವರ ಕೆಲಸ ಅದು.

ನೀವು ಮಾಡಬೇಕಾದ್ದು ಇಷ್ಟು. ಮನೆಗೆ ಒಂದು ಬಿಪಿ ಮಿಷನ್ ತನ್ನಿ. ವ್ಯಾಪಕ ವಿಧವಾಗಿದ್ದರೆ, ಮೊದಲ ವರ್ಷಗಳಲ್ಲಿ ವಾರಕ್ಕೆ ಎರಡು ಮೂರು ಸಲ ನೋಡಿ ಪುಸ್ತಕದಲ್ಲಿ ಬರೆದಿಡಿ. ಯಾವಾಗಲೂ 110 ಇರುವವರಿಗೆ 145 ಬಂದರೆ ಮರುದಿನಕ್ಕೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಯಾರಾದರೂ ಹೆಸರಿಲ್ಲದ ಪುಡಿ, ಪೊಟ್ಟಣದಲ್ಲಿ ಬಿಡಿ ಮಾತ್ರೆ ಕೊಟ್ಟು "ನೋವಿಗೆ ರಾಮಬಾಣ" ಎಂದರೆ ತಿನ್ನಬೇಡಿ. ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಆದರೆ ಈಗಾಗಲೇ ತುಂಬಾ ದಿನದಿಂದ ಸ್ಟೀರಾಯ್ಡ್ ತಿನ್ನುತ್ತಿದ್ದರೆ ತಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ. ಡಾಕ್ಟರ್ ಹೇಳಿದಂತೆ ಇಳಿಸಬೇಕು.

ಮೆಥೋಟ್ರೆಕ್ಸೇಟ್ ಅಂತ ಬರೆದಿದ್ದಾರೆ. ದಿನಾ ತಿನ್ಬೇಕಾ?

ಬೇಡ! ವಾರಕ್ಕೆ ಒಂದೇ ದಿನ. ದಿನಾ ತಿಂದರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣಗಳು ಇಳಿದು ಪ್ರಾಣಕ್ಕೇ ಕುತ್ತು. ವಾರದಲ್ಲಿ ಯಾವ ದಿನ ಎಂದು ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಫೋಲಿಕ್ ಆಮ್ಲದ ಮಾತ್ರೆ ಬೇರೆ ದಿನ. ಚೀಟಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದು ಓದಲು ಬರದಿದ್ದರೆ ಮೆಡಿಕಲ್‌ನವರ ಹತ್ತಿರ ಕವರಿನ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ.

ಕಷಾಯ ಕುಡೀಬಹುದಾ? ಎಣ್ಣೆ ಹಚ್ಚಿ ತಿಕ್ಕಬಹುದಾ?

ಎಣ್ಣೆ ಹಚ್ಚಿ. ಒಣಗಿ ತುರಿಸುವ ಚರ್ಮಕ್ಕೆ ತೆಂಗಿನೆಣ್ಣೆ ಒಳ್ಳೆಯದೇ. ಹದ ಬಿಸಿನೀರಲ್ಲಿ ಕೈ ಅದ್ದಿ, ಆಮೇಲೆ ಬೆರಳುಗಳನ್ನು ನಿಧಾನ ಮಡಚಿ ಬಿಡಿಸಿ. ಹುಣ್ಣಿರುವ ಬೆರಳನ್ನು ಜೋರಾಗಿ ತಿಕ್ಕಬಾರದು. ಸುಡುವ ಬಿಸಿ ಬೇಡ. ಕಷಾಯದ ವಿಷಯದಲ್ಲಿ ನನ್ನ ಕೋರಿಕೆ ಒಂದೇ: ಮುಚ್ಚಿಡಬೇಡಿ. ಏನು ಕುಡಿಯುತ್ತಿದ್ದೀರಿ ಎಂದು ಗೊತ್ತಿದ್ದರೆ ಲಿವರ್, ಕಿಡ್ನಿ ಪರೀಕ್ಷೆಯ ಅಂಕಿಗಳನ್ನು ಸರಿಯಾಗಿ ಓದಬಹುದು. ಭಸ್ಮ, ಸಿಂಧೂರ ಇರುವ ಮದ್ದು ಬೇಡ, ಲೋಹ ಕಿಡ್ನಿಗೆ ಕೂರುತ್ತದೆ.

ಊಟದಲ್ಲಿ ಪಥ್ಯ ಉಂಟಾ?

ಮೀನು ಬಿಡಿ, ಬದನೆ ಬಿಡಿ ಎಂಬ ಪಥ್ಯ ಇಲ್ಲ. ಅನ್ನನಾಳದ ಸ್ನಾಯು ಸೋತಿರುವುದರಿಂದ ತಿಂದದ್ದು ಮೇಲೆ ಬರುತ್ತದೆ. ಸ್ವಲ್ಪ ಸ್ವಲ್ಪವೇ, ಹೆಚ್ಚು ಸಲ ತಿನ್ನಿ. ಮೆತ್ತಗೆ ಬೆಂದ ಕುಚ್ಚಲಕ್ಕಿ ಗಂಜಿ ಸುಲಭವಾಗಿ ಇಳಿಯುತ್ತದೆ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇರಲಿ. ಎರಡು ತಲೆದಿಂಬು ಇಟ್ಟರೆ ಸಾಲದು. ಮಂಚದ ತಲೆ ಕಡೆಯ ಎರಡು ಕಾಲಿಗೆ ಮರದ ತುಂಡು ಕೊಟ್ಟು ಅರ್ಧ ಅಡಿ ಎತ್ತರಿಸಿ. ಆಟಕ್ಕೋ ಕೋಲಕ್ಕೋ ಹೋದ ರಾತ್ರಿ ನಡುರಾತ್ರಿಯ ಊಟ ಮಾಡಿ ಅಲ್ಲೇ ಒರಗುವ ಅಭ್ಯಾಸ ಮಾತ್ರ ಬಿಡಬೇಕು.

ಬೀಡಿ ಕಟ್ಟುವ ಕೆಲಸ ಬಿಡ್ಬೇಕಾ? ಅದೇ ನಮ್ಮ ಸಂಪಾದನೆ

ಕೂಡಲೇ ಬಿಡಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಬೆರಳು ಅಲ್ಲಾಡುತ್ತಾ ಇರುವುದು ಒಳ್ಳೆಯದೇ. ಆದರೆ ತುದಿಯಲ್ಲಿ ಹುಣ್ಣಿದ್ದರೆ ಕತ್ತರಿ, ನೂಲು, ಹೊಗೆಸೊಪ್ಪಿನ ಪುಡಿ ಅದನ್ನು ಮಾಗಲು ಬಿಡುವುದಿಲ್ಲ. ಹುಣ್ಣು ಮಾಗುವವರೆಗೆ ಆ ಬೆರಳಿಗೆ ರಜೆ ಬೇಕೇ ಬೇಕು. ಸೇದುವುದನ್ನಂತೂ ಮನೆಯವರೆಲ್ಲ ಬಿಡಬೇಕು. ಹೊಗೆ ರಕ್ತನಾಳವನ್ನು ಮುದುಡಿಸುತ್ತದೆ. ನಿಫೆಡಿಪಿನ್, ಅಮ್ಲೋಡಿಪಿನ್‌ನಂಥ ಮಾತ್ರೆ ನಾಳವನ್ನು ತೆರೆಯುತ್ತದೆ. ಒಂದು ಕೈಯಲ್ಲಿ ತೆರೆದು ಇನ್ನೊಂದರಲ್ಲಿ ಮುಚ್ಚಿದರೆ ಏನು ಪ್ರಯೋಜನ?

ಮದುವೆ ಆಗಿ ಒಂದು ವರ್ಷ. ಮಗು ಬೇಕು. ಆಗ್ಬಹುದಾ?

ಬಹಳ ಜನರಿಗೆ ಆಗುತ್ತದೆ. ಮೊದಲೇ ಹೇಳಿ, ಅಷ್ಟೇ ಮುಖ್ಯ. ಮೈಕೋಫಿನೊಲೇಟ್, ಮೆಥೋಟ್ರೆಕ್ಸೇಟ್, ಬೊಸೆಂಟನ್ ಎಂಬ ಮದ್ದುಗಳು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ತಿಂಗಳುಗಳ ಮೊದಲೇ ಬದಲಿಸಬೇಕು. ಶ್ವಾಸಕೋಶದ ರಕ್ತನಾಳದ ಒತ್ತಡ ಏರಿದ್ದರೆ ಗರ್ಭ ತಾಯಿಯ ಜೀವಕ್ಕೇ ಅಪಾಯ. ಹಾಗಾಗಿ ಎಕೋ ಮಾಡಿಸದೆ ಮುಂದೆ ಹೋಗಬೇಡಿ.

ಇದು ಬಂದ್ರೆ ಎಷ್ಟು ವರ್ಷ ಬದುಕ್ತಾರೆ?

ಒಬ್ಬರಿಗೂ ಇನ್ನೊಬ್ಬರಿಗೂ ಅಷ್ಟು ವ್ಯತ್ಯಾಸವಿದೆ, ಒಂದು ಅಂಕಿ ಹೇಳಿದರೆ ನಿಮಗೆ ಮೋಸ ಮಾಡಿದಂತೆ. ಸೀಮಿತ ವಿಧದ ಎಷ್ಟೋ ಜನ ಮೊಮ್ಮಕ್ಕಳ ಮದುವೆ ನೋಡುತ್ತಾರೆ. ವ್ಯಾಪಕ ವಿಧದಲ್ಲಿ ಮೊದಲ ಮೂರರಿಂದ ಐದು ವರ್ಷ ಗಟ್ಟಿ ಹೋರಾಟ. ಅದು ಕಳೆದ ಮೇಲೆ ಚರ್ಮ ಹೆಚ್ಚಾಗಿ ತಾನಾಗಿಯೇ ಮೆತ್ತಗಾಗುತ್ತಾ ಬರುತ್ತದೆ. ಆಗ ಕೆಲವರು "ಗುಣವಾಯಿತು" ಎಂದು ಬರುವುದನ್ನೇ ನಿಲ್ಲಿಸುತ್ತಾರೆ. ಚರ್ಮ ಮೆತ್ತಗಾದರೂ ಒಳಗಿನ ಅಂಗಗಳ ಕಾವಲು ಮುಂದುವರಿಯಬೇಕು.

## ಸಂಶೋಧನೆಯ ಬಗ್ಗೆ

ಇಷ್ಟು ಅಪರೂಪದ ಕಾಯಿಲೆಗೆ ನೀವು ಜೀವನ ಎಲ್ಲ ಕೊಡುವುದು ಎಂತಕ್ಕೆ? ದಿನಾ ಎಂತ ಮಾಡ್ತೀರಿ?

ಅಪರೂಪದ ಕಾಯಿಲೆ ಬಂದವರಿಗೂ ನೋವು ಎಲ್ಲರಷ್ಟೇ ಅಲ್ವಾ? ಇನ್ನೊಂದು ಕಾರಣವೂ ಇದೆ. ಲಿವರ್ ಗಟ್ಟಿಯಾಗುವುದು, ಕಿಡ್ನಿ ಕುಗ್ಗುವುದು, ಶ್ವಾಸಕೋಶ ಬಿಗಿಯುವುದು, ಇವೆಲ್ಲದರಲ್ಲೂ ನಾರು ಕಟ್ಟುವ ಅದೇ ಕೆಲಸ ನಡೆಯುತ್ತದೆ. ಅದು ಚರ್ಮದಲ್ಲೇ ಕಣ್ಣಿಗೆ ಕಾಣುವ ಕಾಯಿಲೆ ಇದು.

ದಿನದ ಕೆಲಸ ಹೆಚ್ಚಾಗಿ ಅಳೆಯುವುದು, ಬರೆದಿಡುವುದು. ಬೆಳಿಗ್ಗೆ ರೋಗಿಗಳು. ಮಧ್ಯಾಹ್ನ ಒಪ್ಪಿಗೆ ಕೊಟ್ಟವರ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಸೀರಂ ಬೇರೆ ಮಾಡಿ, ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಇಡುವುದು. ಮುಂಗೈಯಿಂದ ತೆಗೆದ ಕಡಲೆಕಾಳಿನಷ್ಟೂ ಇಲ್ಲದ ಚರ್ಮದ ಚೂರಿನಿಂದ ಜೀವಕೋಶ ಬೆಳೆಸುತ್ತೇವೆ. ಅಮೆರಿಕದ ಲಿರಾಯ್ ಎಂಬ ಸಂಶೋಧಕ 1970ರ ದಶಕದಲ್ಲಿ ಹೀಗೆ ಬೆಳೆಸಿ ನೋಡಿದರು. ರೋಗಿಯ ಮೈಯಿಂದ ಹೊರಗೆ, ಗಾಜಿನ ತಟ್ಟೆಯಲ್ಲೂ ಆ ಕೋಶಗಳು ಹೆಚ್ಚು ಕೊಲಾಜನ್ ಮಾಡುತ್ತಲೇ ಇದ್ದವು. ಕೋಶಕ್ಕೆ ಒಮ್ಮೆ ಬಂದ ಆ ಬುದ್ಧಿ ಯಾಕೆ ಹೋಗುವುದಿಲ್ಲ ಎಂಬ ಪ್ರಶ್ನೆ ನನ್ನನ್ನು ಇಲ್ಲಿ ಹಿಡಿದಿಟ್ಟಿದೆ.

ಇಷ್ಟು ವರ್ಷ ಹುಡುಕಿ ಸಿಕ್ಕಿದ್ದು ಎಂತ? ಗುಣ ಮಾಡುವ ಮದ್ದು ಇನ್ನೂ ಇಲ್ಲ ಅಲ್ವಾ?

ಪೂರ್ತಿ ಗುಣ ಮಾಡುವ ಮದ್ದು ಇಲ್ಲ. ಆದರೆ ಕೈಕಟ್ಟಿ ಕೂರುವ ಕಾಲ ಹೋಯಿತು.

1753ರಲ್ಲಿ ನೇಪಲ್ಸ್‌ನ ಕಾರ್ಲೋ ಕುರ್ಜಿಯೋ ಚರ್ಮ ಬಿಗಿದ 17ರ ಹುಡುಗಿಯ ಬಗ್ಗೆ ಬರೆದಾಗ ಕೈಯಲ್ಲಿದ್ದದ್ದು ಬಿಸಿ ಹಾಲು, ಹಬೆ, ರಕ್ತ ತೆಗೆಯುವುದು ಇಂಥವೇ. ಅಲ್ಲಿಂದ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ನಂಬಿಕೆಯ ಮೇಲೆ ಕೊಟ್ಟ ಮದ್ದುಗಳೇ ಜಾಸ್ತಿ. ಡಿ-ಪೆನಿಸಿಲಮೈನ್ ಅಂಥದ್ದು. ಲೋಕದ ತುಂಬ ಕೊಡುತ್ತಿದ್ದರು. 1999ರಲ್ಲಿ 134 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ದೊಡ್ಡ ಪ್ರಮಾಣ, ಇನ್ನೊಂದಕ್ಕೆ ಲೆಕ್ಕಕ್ಕಿಲ್ಲದಷ್ಟು ಸಣ್ಣ ಪ್ರಮಾಣ ಕೊಟ್ಟು ಹೋಲಿಸಿದರು. ಚರ್ಮದಲ್ಲಿ ವ್ಯತ್ಯಾಸವೇ ಇರಲಿಲ್ಲ. ತಾನಾಗಿ ಮೆತ್ತಗಾಗುವ ಚರ್ಮವನ್ನು ನೋಡಿ ಮದ್ದು ಕೆಲಸ ಮಾಡಿತು ಎಂದು ಎಲ್ಲರೂ ನಂಬಿದ್ದರು. ಹೋಲಿಸಿ ನೋಡುವ ಪರೀಕ್ಷೆ ಯಾಕೆ ಬೇಕು ಎಂದು ಕೇಳಿದವರಿಗೆ ನಾನು ಕೊಡುವ ಉದಾಹರಣೆ ಇದು.

ಆಮೇಲೆ ಬಂದವು ಗಟ್ಟಿ ಉತ್ತರಗಳು. ಸೈಕ್ಲೋಫಾಸ್ಫಮೈಡ್ ಶ್ವಾಸಕೋಶವನ್ನು ಸ್ವಲ್ಪ ಉಳಿಸುತ್ತದೆ ಎಂದು 2006ರಲ್ಲಿ ಗೊತ್ತಾಯಿತು. ಮೈಕೋಫಿನೊಲೇಟ್ ಅಷ್ಟೇ ಕೆಲಸ ಮಾಡಿ ತೊಂದರೆ ಕಡಿಮೆ ಕೊಡುತ್ತದೆ ಎಂದು 2016ರಲ್ಲಿ. 2019ರಲ್ಲಿ 576 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ನಿಂಟೆಡಾನಿಬ್ ಶ್ವಾಸಕೋಶದ ಶಕ್ತಿ ಇಳಿಯುವ ವೇಗವನ್ನು ತಗ್ಗಿಸಿತು. ಖಾಲಿ ಮಾತ್ರೆಯವರಲ್ಲಿ ವರ್ಷಕ್ಕೆ ಸುಮಾರು 93 ಮಿಲಿಲೀಟರ್ ಇಳಿದರೆ, ಇವರಲ್ಲಿ 52. ಹೋದದ್ದನ್ನು ಇವು ವಾಪಸ್ ತರುವುದಿಲ್ಲ. ಇರುವುದನ್ನು ಉಳಿಸುತ್ತವೆ. ಹಾಗಾಗಿ ಬೇಗ ಬಂದವರಿಗೆ ಲಾಭ ಜಾಸ್ತಿ.

ನನ್ನನ್ನು ಪ್ರಯೋಗಕ್ಕೆ ಬಳಸ್ತೀರಾ? ಫಾರ್ಮ್ ಮಲಯಾಳದಲ್ಲಿತ್ತು, ಸಹಿ ಹಾಕಿ ಅಂದ್ರು

ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ನಿಮಗೆ ಗೊತ್ತಿರುವ ಭಾಷೆಯಲ್ಲಿ ವಿವರ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಕನ್ನಡ ಫಾರ್ಮ್ ಕೇಳುವುದು ಉಪಕಾರ ಕೇಳಿದಂತಲ್ಲ, ಅದು ನಿಮ್ಮ ಹಕ್ಕು. ಗಡಿ ಜಿಲ್ಲೆಯಲ್ಲಿ ಕೆಲಸ ಮಾಡುವವರು ಕನ್ನಡ, ಮಲಯಾಳ ಎರಡನ್ನೂ ಇಟ್ಟುಕೊಂಡಿರಬೇಕು. ತುಳು ಮಾತ್ರ ಮಾತಾಡುವ ಅಜ್ಜಿಗೆ ತುಳುವಿನಲ್ಲೇ ಬಾಯಲ್ಲಿ ಹೇಳಬೇಕು. ಓದಲು ಬರದವರಿಗೆ ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಎದುರು ಓದಿ ಹೇಳಬೇಕು.

ಕೇಳಬೇಕಾದ ಪ್ರಶ್ನೆಗಳು: ಹೊಸ ಮದ್ದು ಕೊಡುತ್ತೀರಾ, ಬರೀ ರಕ್ತ ತೆಗೆಯುತ್ತೀರಾ? ತೊಂದರೆಯಾದರೆ ಯಾರ ಖರ್ಚು? ಹೊಸ ಮದ್ದಿನ ಪರೀಕ್ಷೆಯಲ್ಲಿ ಆದ ಹಾನಿಗೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು 2019ರ ನಿಯಮಗಳಲ್ಲಿದೆ. ಅಂಥ ಪರೀಕ್ಷೆಗಳು ಭಾರತದ ಸಿಟಿಆರ್‌ಐ ಪಟ್ಟಿಯಲ್ಲಿ ನೋಂದಣಿಯಾಗಿರಬೇಕು. ನಂಬರ್ ಕೇಳಿ, ಮಕ್ಕಳ ಹತ್ತಿರ ಹುಡುಕಿಸಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹೊರಗೆ ಬರಬಹುದು. ಆಗ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ರಕ್ತ ಕೊಟ್ಟರೆ ನಿಮಗೆ ನಾಳೆಯೇ ಪ್ರಯೋಜನ ಆಗುವುದಿಲ್ಲ, ಅದನ್ನೂ ನೇರವಾಗಿ ಹೇಳುತ್ತೇನೆ. ಮುಂದೆ ಬರುವವರಿಗೆ ಆಗಬಹುದು.

ಕಾಂಡಕೋಶ, ಕಾರ್-ಟಿ ಅಂತ ಪೇಪರಲ್ಲಿ ಓದಿದೆ. ತೋಟ ಮಾರಿಯಾದ್ರೂ ಮಾಡಿಸ್ಬಹುದಾ?

ಎರಡೂ ಬೇರೆ ಬೇರೆ. ರೋಗಿಯದ್ದೇ ಕಾಂಡಕೋಶ ತೆಗೆದಿಟ್ಟು, ಕೆಟ್ಟುಹೋದ ರಕ್ಷಣಾ ಕೋಶಗಳನ್ನು ಜೋರು ಮದ್ದಿನಿಂದ ಅಳಿಸಿ, ಮತ್ತೆ ಬೆಳೆಸುವುದು ಮೊದಲನೆಯದು. ಯುರೋಪಿನ 2014ರ ಪರೀಕ್ಷೆಯಲ್ಲಿ ಇದನ್ನು ಮಾಡಿಸಿಕೊಂಡು ಉಳಿದವರು ಹೆಚ್ಚು ಕಾಲ ಬದುಕಿದರು. ಆದರೆ ಚಿಕಿತ್ಸೆಯಿಂದಲೇ ನೂರಕ್ಕೆ ಸುಮಾರು 10 ಜನ ತೀರಿಕೊಂಡರು. ಅಮೆರಿಕದ 2018ರ ಪರೀಕ್ಷೆಯಲ್ಲೂ ನಾಲ್ಕೂವರೆ ವರ್ಷದ ಹೊತ್ತಿಗೆ ಕಾಂಡಕೋಶದವರ ಸ್ಥಿತಿ ಸೈಕ್ಲೋಫಾಸ್ಫಮೈಡ್‌ನವರಿಗಿಂತ ಚೆನ್ನಾಗಿತ್ತು. ಹೃದಯ, ಕಿಡ್ನಿ ಇನ್ನೂ ಗಟ್ಟಿ ಇರುವ, ಕಾಯಿಲೆ ವೇಗವಾಗಿ ಏರುತ್ತಿರುವ ಕೆಲವರಿಗೆ ಮಾತ್ರ, ಅನುಭವ ಇರುವ ದೊಡ್ಡ ಕೇಂದ್ರದಲ್ಲಿ ಮಾತ್ರ ಇದು ಆಗಬೇಕು.

ರೋಗಿಯದ್ದೇ ರಕ್ಷಣಾ ಕೋಶಗಳನ್ನು ತೆಗೆದು, ಲ್ಯಾಬಿನಲ್ಲಿ ಮಾರ್ಪಡಿಸಿ ವಾಪಸ್ ಕೊಡುವ ಕಾರ್-ಟಿ ಇನ್ನೂ ಹೊಸದು. ಜರ್ಮನಿಯ ಎರ್ಲಾಂಗೆನ್‌ನ ಗಿಯೋರ್ಗ್ ಶೆಟ್ ಅವರ ತಂಡ 2024ರಲ್ಲಿ 15 ರೋಗಿಗಳ ಫಲಿತಾಂಶ ಪ್ರಕಟಿಸಿತು. ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಆ 15ರಲ್ಲಿ ಸಿಸ್ಟಮಿಕ್ ಸ್ಕ್ಲೀರೋಸಿಸ್‌ನವರು ನಾಲ್ಕೇ ಜನ. ನಮ್ಮ ದೇಶದಲ್ಲೇ ತಯಾರಾದ ಕಾರ್-ಟಿಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿದ್ದು ಕೆಲವು ರಕ್ತದ ಕ್ಯಾನ್ಸರುಗಳಿಗೆ.

ಹಾಗಾಗಿ ಸದ್ಯಕ್ಕೆ ತೋಟ ಮಾರಬೇಡಿ. ಯಾರಾದರೂ ದುಡ್ಡು ತೆಗೆದುಕೊಂಡು ಈ ಕಾಯಿಲೆಗೆ ಕಾಂಡಕೋಶದ ಇಂಜೆಕ್ಷನ್ ಕೊಡುತ್ತೇವೆ, ಗ್ಯಾರಂಟಿ ಗುಣ ಎಂದರೆ ಅಲ್ಲಿಂದ ಎದ್ದು ಬನ್ನಿ. ನಿಯಮದ ಪ್ರಕಾರ ನಡೆಯುವ ಹೊಸ ಮದ್ದಿನ ಪರೀಕ್ಷೆಯಲ್ಲಿ ಆ ಮದ್ದಿಗೆ ರೋಗಿಯಿಂದ ದುಡ್ಡು ಕೇಳುವುದಿಲ್ಲ. ನಿಮ್ಮ ಹಳೆಯ ಪಿಎಫ್‌ಟಿ, ಎಕೋ, ಚರ್ಮದ ಸ್ಕೋರ್ ಎಲ್ಲ ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿಡಿ. ನಾಳೆ ನಿಮಗೆ ಸರಿಹೊಂದುವ ಪರೀಕ್ಷೆ ಶುರುವಾದರೆ ಅವರು ಮೊದಲು ಕೇಳುವುದೇ ಆ ಫೈಲನ್ನು.